ಹಳೆಯ ಕಾರು ಉಳಿಸಿಕೊಳ್ಳುವುದು: ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಅಂಬಾಸಡರ್, ಪದ್ಮಿನಿ, ಹೆರಾಲ್ಡ್ ಅಥವಾ ಹಳೆಯ ಜೀಪು ಇಟ್ಟುಕೊಂಡ ಈ ಭಾಗದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ವಿಡಿಯೊಗಳಲ್ಲಿ ಸಿಗುವ ಸಲಹೆ ಬಹುಪಾಲು ಚಳಿ, ಮಳೆಯ ದೇಶಗಳದ್ದು. ಅಲ್ಲಿ ಕಾರನ್ನು ತಿನ್ನುವುದು ತುಕ್ಕು. ನಮ್ಮ ಕಡೆ ತಿನ್ನುವುದು ಜಳ, ಧೂಳು, ಮತ್ತು ವರ್ಷಗಟ್ಟಲೆ ನಿಂತಲ್ಲೇ ನಿಲ್ಲಿಸುವುದು. ಇವು ಮೂರನ್ನೂ ತಡೆದುಕೊಂಡ ಕಾರನ್ನು ಕೊನೆಗೆ ಕೆಡಿಸುವುದು ‘ಹೊಸದರಂಗ ಮಾಡಿಸಿಬಿಡೋಣ’ ಅನ್ನುವ ಅವಸರ.

ವಿಂಟೇಜ್ ಯಾವುದು, ಕ್ಲಾಸಿಕ್ ಯಾವುದು, ಬರೀ ಹಳೇ ಗಾಡಿ ಯಾವುದು?

ಕಾನೂನಿನ ಲೆಕ್ಕ ಬೇರೆ, ಹವ್ಯಾಸಿಗಳ ಲೆಕ್ಕ ಬೇರೆ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಯಾವುದನ್ನೂ ಬದಲಾಯಿಸದೆ ಮೂಲ ರೂಪದಲ್ಲಿರುವ ಕಾರು ಅಥವಾ ಬೈಕು ವಿಂಟೇಜ್. ಹವ್ಯಾಸಿಗಳು ಮಾತ್ರ ಎರಡನೇ ಮಹಾಯುದ್ಧಕ್ಕೆ ಮುಂಚಿನದನ್ನೇ ವಿಂಟೇಜ್ ಅನ್ನುತ್ತಾರೆ, ಆಮೇಲಿನದು ಅವರಿಗೆ ಕ್ಲಾಸಿಕ್. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 30 ವರ್ಷ ಆದ, ಸರಿಯಾಗಿ ಕಾಪಾಡಿದ, ದಿನಬಳಕೆಗೆ ಓಡಿಸದ ಗಾಡಿಯನ್ನು ಐತಿಹಾಸಿಕ ಎಂದು ಎಣಿಸುತ್ತದೆ. ಆ ಲೆಕ್ಕಕ್ಕೆ 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ಮೊದಲ ಮಾದರಿಗಳೂ ಸೇರುತ್ತವೆ. ನನ್ನ ಮಟ್ಟಿಗೆ, ಈಗ ತುರ್ತಾಗಿ ಉಳಿಸಬೇಕಾದ್ದು ಆ ಮಾರುತಿಗಳನ್ನೇ. ಅಂಬಾಸಡರ್ ಗುಜರಿಗೆ ಹೋದರೆ ಮರುಗುವವರಾದರೂ ಇದ್ದಾರೆ.

15 ವರ್ಷ ಆದ ಗಾಡಿ ಹಿಡಕೊಂಡು ಹೋಗ್ತಾರಂತ, ಖರೇನಾ?

ನಮ್ಮಲ್ಲಿ ಇಲ್ಲ. ಪೆಟ್ರೋಲ್ ಗಾಡಿಗೆ 15, ಡೀಸೆಲ್ ಗಾಡಿಗೆ 10 ವರ್ಷ ಎಂಬ ಮಿತಿ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ಆರ್‌ಟಿಒಗೆ ತೋರಿಸಿ ಐದೈದು ವರ್ಷಕ್ಕೆ ನವೀಕರಿಸುತ್ತ ಹೋಗಬಹುದು. ಅರ್ಜಿ ಫಾರಂ 25ರಲ್ಲಿ. ಹಸಿರು ತೆರಿಗೆಯನ್ನೂ ಕಟ್ಟಬೇಕು. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು, 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿತು. ಈ ಮೊತ್ತ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಪರಿವಾಹನ್ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ. ನವೀಕರಣ ತಪ್ಪಿಸಿಕೊಂಡ ಕಾರು ರಸ್ತೆಗೆ ಬಂದರೆ ಮಾತ್ರ ಹಿಡಿಯುತ್ತಾರೆ, ಅದರಲ್ಲಿ ಅವರದೇನೂ ತಪ್ಪಿಲ್ಲ.

ಹಾಗಾದರೆ ವಿಂಟೇಜ್ ನೋಂದಣಿ ಮಾಡಿಸಬೇಕೇ?

ವಾರಕ್ಕೊಮ್ಮೆ ಕಾರು ತೆಗೆದು ಗವಿಮಠದ ಜಾತ್ರೆಗೋ ಹೊಲಕ್ಕೋ ಹೋಗುವವರಾದರೆ ಬೇಡ. ಹೊಸ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ಮರುನೋಂದಣಿಗೆ 5,000. ಅರ್ಜಿ ಕೊಟ್ಟ 60 ದಿನದೊಳಗೆ ಪ್ರಮಾಣಪತ್ರ ಕೊಡಬೇಕೆಂದು ನಿಯಮವಿದೆ. ಆದರೆ ಆ ನೋಂದಣಿಯ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ, ಪೆಟ್ರೋಲ್ ಹಾಕಿಸುವುದು ಇಂಥ ಕೆಲಸಕ್ಕಷ್ಟೇ ರಸ್ತೆಗೆ ತರಬಹುದು. ದಿನಬಳಕೆಯೂ ಇಲ್ಲ, ಬಾಡಿಗೆಯೂ ಇಲ್ಲ. ಸಾಮಾನ್ಯ ನೋಂದಣಿ ಇನ್ನೂ ಜೀವಂತ ಇದ್ದರೆ ಅದನ್ನೇ ನವೀಕರಿಸಿಕೊಂಡು ಹೋಗುವುದು ಲೇಸು. ಎಂದೋ ಸತ್ತುಹೋದ ನೋಂದಣಿಯೊಂದಿಗೆ ಅರಮನೆಯ ಕಾಲದ ಕಾರು ಸಿಕ್ಕರೆ ವಿಂಟೇಜ್ ದಾರಿ ಕೆಲಸಕ್ಕೆ ಬರುತ್ತದೆ. ಹಳೆಯ ನಂಬರ್ ಇರುವ ಗಾಡಿ ಅದೇ ನಂಬರ್ ಉಳಿಸಿಕೊಳ್ಳಬಹುದು, ಹೊಸದಾಗಿ ನೋಂದಾಯಿಸುವ ಗಾಡಿಗೆ ‘ವಿಎ’ ಅಕ್ಷರ ಇರುವ ನಂಬರ್ ಬರುತ್ತದೆ.

ಅಜ್ಜನ ಕಾಲದ ಆರ್‌ಸಿ ಪುಸ್ತಕದಲ್ಲಿ ಬೇರೆ ರಾಜ್ಯದ ಸೀಲು ಇದೆ. ಏನು ಮಾಡುವುದು?

ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಆಶ್ಚರ್ಯದ ವಿಷಯವೇ ಅಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನಲ್ಲಿತ್ತು. ರಾಯಚೂರು, ಮತ್ತು ಆಗ ಅದರೊಳಗೇ ಇದ್ದ ಕೊಪ್ಪಳ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹೀಗಾಗಿ ಒಂದೇ ಕಾರಿನ ಕಾಗದದಲ್ಲಿ ಹೈದರಾಬಾದಿನ ನಮೂದು, ಆಮೇಲೆ ‘ಎಂವೈ’ಯಿಂದ ಶುರುವಾಗುವ ಮೈಸೂರು ರಾಜ್ಯದ ನಂಬರ್, ಕೊನೆಗೆ ಕೆಎ-36 ಅಥವಾ ಕೆಎ-37 ಎಲ್ಲ ಸಾಲಾಗಿ ಸಿಗಬಹುದು. ಆ ಪುಸ್ತಕವನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಹಾಳೆ ಹಾಳೆ ಫೋಟೊ ತೆಗೆದಿಟ್ಟುಕೊಂಡು ಮೂಲ ಪ್ರತಿಯನ್ನು ಒಣ ಜಾಗದಲ್ಲಿಡಿ.

ಆಮೇಲೆ ನಂಬರ್ ಹಾಕಿ ಪರಿವಾಹನ್‌ನಲ್ಲಿ ಹುಡುಕಿ. ಎಷ್ಟೋ ಹಳೆಯ ಗಾಡಿಗಳ ದಾಖಲೆ ಗಣಕಕ್ಕೆ ಏರಿಯೇ ಇಲ್ಲ. ಸಿಗದಿದ್ದರೆ ಗಾಡಿ ನೋಂದಣಿಯಾದ ಆರ್‌ಟಿಒದಲ್ಲಿ ಹಳೆಯ ರಿಜಿಸ್ಟರ್ ನೋಡಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಕೊಡಿ ಎಂದು ಅರ್ಜಿ ಕೊಡಬೇಕು. ಬಳ್ಳಾರಿ ಕೆಎ-34, ಹೊಸಪೇಟೆ ಕೆಎ-35; ಹೊಸಪೇಟೆ ಈಗ ವಿಜಯನಗರ ಜಿಲ್ಲೆಯಾದರೂ ಹಳೆಯ ಕಡತ ಇರುವ ಕಚೇರಿಗೇ ಹೋಗಬೇಕು. ಚಾಸಿ ನಂಬರ್, ಎಂಜಿನ್ ನಂಬರ್ ಪೆನ್ಸಿಲ್‌ನಲ್ಲಿ ಉಜ್ಜಿ ತೆಗೆದ ಅಚ್ಚು ಜೊತೆಗಿರಲಿ. ಅಧಿಕಾರಿಯ ಮುಂದೆ ಅರ್ಧ ಮಾತು ಅದೇ ಆಡುತ್ತದೆ.

ಕಾರು ತೀರಿಕೊಂಡ ಅಪ್ಪಾರ ಹೆಸರಿನಲ್ಲಿದೆ.

ಫಾರಂ 31, ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ. ಕಾನೂನಿನ ಪ್ರಕಾರ 30 ದಿನದಲ್ಲಿ ತಿಳಿಸಿ, ಮೂರು ತಿಂಗಳಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಹತ್ತು ವರ್ಷ ತಡವಾದರೂ ಆಗುವ ಕೆಲಸವೇ, ದಂಡ ಬೀಳುತ್ತದೆ ಅಷ್ಟೆ. ಅಣ್ಣತಮ್ಮಂದಿರು ಮಾತಾಡುವ ಸ್ಥಿತಿಯಲ್ಲಿ ಇರುವಾಗಲೇ ಮುಗಿಸಿಕೊಳ್ಳಿ. ಹಳೆಯ ಕಾರುಗಳು ಕೊಟ್ಟಿಗೆಯಲ್ಲೇ ಕೊಳೆಯುವುದಕ್ಕೆ ಎಂಜಿನ್‌ಗಿಂತ ಪಾಲಿನ ಜಗಳವೇ ಹೆಚ್ಚು ಕಾರಣ.

ಎಂಟ್ಹತ್ತು ವರ್ಷದಿಂದ ನಿಂತ ಕಾರು. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದು ನೋಡಲೇ?

ಬೇಡವೇ ಬೇಡ. ತಳ್ಳಿ ಸ್ಟಾರ್ಟ್ ಮಾಡುವುದಂತೂ ಇನ್ನೂ ಕೆಟ್ಟದ್ದು. ನಿಂತ ಎಂಜಿನ್‌ನಲ್ಲಿ ಎಣ್ಣೆಯೆಲ್ಲ ಕೆಳಗಿಳಿದಿರುತ್ತದೆ, ಪಿಸ್ಟನ್ ರಿಂಗ್ ಬೋರಿಗೆ ಕಚ್ಚಿರುತ್ತದೆ. ಒತ್ತಾಯದಿಂದ ತಿರುಗಿಸಿದರೆ ರಿಂಗ್ ಮುರಿಯುತ್ತದೆ, ಬೋರಿಗೆ ಗೀರು ಬೀಳುತ್ತದೆ. ಮಾರನೇ ದಿನ ಮೇಸ್ತ್ರಿ ‘ಎಂಜಿನ್ ಬಿಚ್ಚಬೇಕು’ ಅನ್ನುತ್ತಾನೆ.

ಮೊದಲು ಬಾನೆಟ್ ತೆಗೆದು ಬರೀ ನೋಡಿ. ಗಂಗಾವತಿ, ಸಿಂಧನೂರು ಕಡೆ ಭತ್ತದ ಊರುಗಳಲ್ಲಿ ಏರ್ ಫಿಲ್ಟರ್‌ನಲ್ಲಿ, ಹೀಟರ್ ಪೈಪಿನಲ್ಲಿ, ಸೀಟಿನ ತೆಂಗಿನ ನಾರಿನಲ್ಲಿ ಇಲಿ ಗೂಡು ಕಟ್ಟಿರುವುದು ಮಾಮೂಲು. ವೈರಿನ ಮೇಲಿನ ಹೊದಿಕೆ ಕಡಿದಿದ್ದರೆ ಬ್ಯಾಟರಿ ಜೋಡಿಸಿದ ಕ್ಷಣಕ್ಕೇ ಹೊಗೆ ಬರುತ್ತದೆ. ಸೈಲೆನ್ಸರ್ ಬಾಯಿಗೂ ಟಾರ್ಚ್ ಹಾಕಿ ನೋಡಿ.

ಆಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಚಮಚ ತೆಳು ಎಣ್ಣೆ ಬಿಡಿ. ಎಂಜಿನ್ ಆಯಿಲ್‌ಗೆ ಸ್ವಲ್ಪ ಡೀಸೆಲ್ ಬೆರೆಸಿದರೂ ಸಾಕು. ಎರಡು ಮೂರು ದಿನ ಹಾಗೇ ಬಿಡಿ. ನಂತರ ಗೇರು ನ್ಯೂಟ್ರಲ್‌ಗೆ ಹಾಕಿ ಕೈಯಿಂದ ತಿರುಗಿಸಿ. ಹಳೆಯ ಅಂಬಾಸಡರ್‌ಗೆ ಮುಂದಿನಿಂದ ಹ್ಯಾಂಡಲ್ ಹಾಕುವ ಅನುಕೂಲ ಇದೆ. ಇಲ್ಲದ ಗಾಡಿಗೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ. ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಬಿಗಿ ಅನಿಸಿದರೆ ನಿಲ್ಲಿಸಿ ಮತ್ತೆ ಎಣ್ಣೆ ಬಿಟ್ಟು ಕಾಯಿರಿ. ಕೆಲವು ಎಂಜಿನ್‌ಗಳು ವಾರ ತೆಗೆದುಕೊಳ್ಳುತ್ತವೆ. ಆತುರ ಬೇಡ, ಇಷ್ಟು ವರ್ಷ ನಿಂತದ್ದು ಇನ್ನೊಂದು ವಾರ ನಿಂತೀತು.

ತಿರುಗಿದ ಮೇಲೆ ಹಳೆಯ ಎಣ್ಣೆ ಇಳಿಸಿ, ಹೊಸದು ತುಂಬಿ, ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು ಆಯಿಲ್ ಪ್ರೆಶರ್ ಏರುವುದನ್ನು ನೋಡಿ. ಆಮೇಲಷ್ಟೇ ಪ್ಲಗ್, ಪೆಟ್ರೋಲು. ಟ್ಯಾಂಕಿನಲ್ಲಿರುವ ಹಳೆಯ ಪೆಟ್ರೋಲ್ ವಾರ್ನಿಷ್‌ನಂತಾಗಿರುತ್ತದೆ, ಅದನ್ನು ಪೂರ್ತಿ ಇಳಿಸಿ ಟ್ಯಾಂಕ್ ಬಿಚ್ಚಿ ತೊಳೆಸಬೇಕು. ಅಲ್ಲಿಯವರೆಗೆ ಒಂದು ಚಿಕ್ಕ ಕ್ಯಾನಿನಿಂದ ಪೈಪ್ ಕೊಟ್ಟು ಓಡಿಸಿ ನೋಡಬಹುದು.

ಎಂಜಿನ್ ಹತ್ತಿದ ಖುಷಿಯಲ್ಲಿ ರಸ್ತೆಗಿಳಿಯಬೇಡಿ, ಬ್ರೇಕ್ ಬಾಕಿ ಇದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ವ್ಹೀಲ್ ಸಿಲಿಂಡರ್ ಒಳಗೆ ತುಕ್ಕು ಹಿಡಿದು ಪಿಸ್ಟನ್ ಸಿಕ್ಕಿಕೊಂಡಿರುತ್ತದೆ, ರಬ್ಬರ್ ವಾಷರ್ ಸತ್ತಿರುತ್ತದೆ. ನಾಲ್ಕೂ ಚಕ್ರ ಬಿಚ್ಚಿಸಿ, ಕಿಟ್ ಮತ್ತು ಹೋಸ್ ಪೈಪ್ ಬದಲಾಯಿಸಿ, ಹೊಸ ಆಯಿಲ್ ಹಾಕಿಸಿ. ಮುಂದೆ ಎರಡು ವರ್ಷಕ್ಕೊಮ್ಮೆ ಆ ಆಯಿಲ್ ಬದಲಾಯಿಸುತ್ತಿರಿ. ಟಯರ್ ನೋಡಲು ಚೆನ್ನಾಗಿದ್ದರೂ ಪಕ್ಕದಲ್ಲಿ ಒತ್ತಿದ ನಾಲ್ಕಂಕಿ ಓದಿ: ಮೊದಲೆರಡು ಅಂಕಿ ಟಯರ್ ತಯಾರಾದ ವಾರ, ಕೊನೆಯೆರಡು ಅಂಕಿ ವರ್ಷ. ನಮ್ಮ ಬಿಸಿಲಲ್ಲಿ ಹತ್ತು ವರ್ಷ ದಾಟಿದ ಟಯರಿಗೆ ಮೇಲಿನ ಗುಂಡಿ (ಟ್ರೆಡ್) ಎಷ್ಟು ಉಳಿದಿದ್ದರೂ ನಂಬಿಕೆ ಇಲ್ಲ.

ತಿಂಗಳಿಗೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡುತ್ತೇನೆ. ಸಾಕಲ್ಲವೇ?

ಅದಕ್ಕಿಂತ ಮಾಡದೇ ಇರುವುದೇ ವಾಸಿ. ಎಂಜಿನ್ ಹೊತ್ತಿದಾಗ ನೀರಾವಿ ಹುಟ್ಟುತ್ತದೆ. ಪೂರ್ತಿ ಬಿಸಿಯಾಗದ ಎಂಜಿನ್‌ನಲ್ಲಿ ಅದು ಎಣ್ಣೆಯಲ್ಲೂ ಸೈಲೆನ್ಸರ್‌ನಲ್ಲೂ ನಿಂತು ಒಳಗಿನಿಂದಲೇ ಕೊರೆಯುತ್ತದೆ. ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ. ಆಗ ಗೇರ್ ಬಾಕ್ಸ್, ಡಿಫರೆನ್ಷಿಯಲ್, ಬ್ರೇಕ್ ಎಲ್ಲಕ್ಕೂ ಜೀವ ಬರುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಏಳರೊಳಗೆ ಹೋಗಿ ಬನ್ನಿ. ಹೋಗಲಾಗದಿದ್ದರೆ ಬ್ಯಾಟರಿ ಬಿಚ್ಚಿ, ಟಯರಿಗೆ ಗಾಳಿ ತುಸು ಹೆಚ್ಚು ತುಂಬಿ, ಹ್ಯಾಂಡ್‌ಬ್ರೇಕ್ ಹಾಕದೆ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿಟ್ಟರೆ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ.

ಎಲ್ಲಿ ನಿಲ್ಲಿಸುವುದು?

ಕಲ್ಲು ಚಪ್ಪಡಿಯ ಹಳೆಯ ಕೊಟ್ಟಿಗೆ ಇದ್ದರೆ ನೀವು ಅದೃಷ್ಟವಂತರು. ತಗಡಿನ ಶೆಡ್ ಏಪ್ರಿಲ್ ಮೇ ತಿಂಗಳಲ್ಲಿ ಒಲೆಯೇ ಸರಿ. ಡ್ಯಾಶ್‌ಬೋರ್ಡ್ ಬಿರಿಯುತ್ತದೆ, ಬಾಗಿಲಿನ ಬೀಡಿಂಗ್ ರಬ್ಬರ್ ಪುಡಿಯಾಗುತ್ತದೆ. ತಗಡಿನ ಕೆಳಗೆ ಬಿದಿರು ತಟ್ಟಿ ಕಟ್ಟಿಸಿ, ಎದುರು ಬದುರು ಗಾಳಿ ಆಡಲು ಕಿಂಡಿ ಬಿಡಿಸಿ. ಪ್ಲಾಸ್ಟಿಕ್ ತಾಡಪಾಲು ಹೊದಿಸಬೇಡಿ, ಮಳೆಗಾಲದಲ್ಲಿ ಅದರೊಳಗೆ ಬೆವರು ಕಟ್ಟುತ್ತದೆ. ತೆಳುವಾದ ಹತ್ತಿ ಬಟ್ಟೆ ಸಾಕು. ಬೇವಿನ ನೆರಳು ತಂಪೇನೋ ಹೌದು, ಆದರೆ ಅಂಟು ಮತ್ತು ಹಕ್ಕಿ ಹಿಕ್ಕೆ ಬಣ್ಣವನ್ನು ತಿನ್ನುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು: ಗೊಬ್ಬರದ ಚೀಲಗಳ ಜೊತೆ ಕಾರು ನಿಲ್ಲಿಸಬೇಡಿ. ರೈತರ ಮನೆಗಳಲ್ಲಿ ಗೋಡೌನ್ ಒಂದೇ ಇರುತ್ತದೆ, ಒಂದು ಕಡೆ ಯೂರಿಯಾ, ಪೊಟ್ಯಾಷ್, ಕಾಂಪ್ಲೆಕ್ಸ್, ಇನ್ನೊಂದು ಕಡೆ ಅಪ್ಪನ ಕಾರು. ಗೊಬ್ಬರದ ಉಪ್ಪು ಗಾಳಿಯ ತೇವ ಎಳೆದುಕೊಂಡು ತಗಡಿನ ಮೇಲೆ ಕೂರುತ್ತದೆ. ಒಣ ನಾಡಿನಲ್ಲಿದ್ದೂ ಸಮುದ್ರದಂಡೆಯ ಕಾರಿನಂತೆ ತೂತು ಬೀಳುವುದು ಹೀಗೆ. ತುಂಗಭದ್ರಾ ಕಾಲುವೆಯ ಕ್ಯಾಂಪುಗಳ ಕಡೆ ನಾಟಿ ಸಮಯದ ಕೆಸರು ಗಾಡಿಯ ಅಡಿಗೆ ಮೆತ್ತಿಕೊಂಡಿರುತ್ತದೆ, ಅದನ್ನೂ ಒಣಗುವ ಮುಂಚೆ ನೀರು ಹೊಡೆದು ತೆಗೆಯಿರಿ.

ಮೈನ್ಸ್ ಧೂಳು, ಫ್ಯಾಕ್ಟರಿ ಧೂಳು ಬಣ್ಣಕ್ಕೆ ಏನು ಮಾಡುತ್ತದೆ?

ಸಂಡೂರು, ತೋರಣಗಲ್ಲಿನ ಕೆಂಧೂಳಿನಲ್ಲೂ ಗಿಣಿಗೇರಿ ಕಡೆಯ ಧೂಳಿನಲ್ಲೂ ಕಬ್ಬಿಣ ಇರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಉಪ್ಪುಕಾಗದ ಉಜ್ಜಿದಂತೆಯೇ. ಮೊದಲು ಧಾರಾಳ ನೀರು ಹರಿಸಿ, ಆಮೇಲೆ ಮೆತ್ತನೆಯ ಬಟ್ಟೆ. ಲೋಹದ ಕಣ ಬಣ್ಣದಲ್ಲಿ ಕೂತು ಕಿತ್ತಳೆ ಚುಕ್ಕೆ ಬಿಟ್ಟಿದ್ದರೆ ಕ್ಲೇ ಬಾರ್ ಅನ್ನುವ ಮೆತ್ತನೆಯ ಜೇಡಿಯಂಥ ಉಂಡೆಯಿಂದ ಎತ್ತಬಹುದು. ಶಕ್ತಿನಗರದ ಸುತ್ತಲಿನ ಹಾರುಬೂದಿಯೂ ಬಣ್ಣ ತೇಯುತ್ತದೆ, ಅದಕ್ಕೂ ನೀರೇ ಮೊದಲು. ಎಂಜಿನ್ ವಿಷಯದಲ್ಲಿ ಏರ್ ಫಿಲ್ಟರ್, ಎಣ್ಣೆ ಎರಡನ್ನೂ ಪುಸ್ತಕ ಹೇಳುವುದಕ್ಕಿಂತ ಬೇಗ ಬದಲಾಯಿಸಿ. ಗ್ರೀಸ್ ನಿಪ್ಪಲ್‌ಗಳಿಗೆ ಹಳೆಯ ಕೊಳಕು ಗ್ರೀಸ್ ಹೊರಬರುವವರೆಗೆ ಗನ್ ಹೊಡೆಸಿ. ಆ ಕಾಲದ ಸಸ್ಪೆನ್ಷನ್ ಗ್ರೀಸಿನ ಮೇಲೇ ಬದುಕಿದೆ.

ಬೇಸಿಗೆಯಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಏಕೆ?

ಬಿಸಿ ಎಂಜಿನ್ ಪಕ್ಕದ ಪಂಪು ಮತ್ತು ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ನಿಲ್ಲುತ್ತದೆ, ಪಂಪು ಆವಿಯನ್ನು ದೂಡಲಾರದು. ಬಾನೆಟ್ ತೆಗೆದು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಿರಿ. ಪದೇ ಪದೇ ಆದರೆ ಪೈಪನ್ನು ಎಗ್ಸಾಸ್ಟ್‌ನಿಂದ ದೂರ ಸರಿಸಿ. ಕೆಲವೊಮ್ಮೆ ತಪ್ಪು ಪೆಟ್ರೋಲಿನದಲ್ಲ, ಬಿಸಿಗೆ ಸೋತ, ಕಿಡಿ ಹುಟ್ಟಿಸುವ ಕಾಯಿಲ್ ಅಥವಾ ಕಂಡೆನ್ಸರಿನದು. ಪ್ಲಗ್ ತೆಗೆದು ಕಿಡಿ ನೋಡಿದರೆ ಗೊತ್ತಾಗುತ್ತದೆ.

ಗಾಡಿ ಹೀಟ್ ಆಗುತ್ತಿದ್ದರೆ ಮೊದಲು ರೇಡಿಯೇಟರಿಗೆ ಏನು ಹಾಕುತ್ತಿದ್ದೀರಿ ನೋಡಿ. ನಮ್ಮ ಬೋರ್ ನೀರು ಗಡಸು, ಬಿಸಿಯಾದಂತೆ ಸುಣ್ಣ ಬಿಡುತ್ತದೆ. ಕೊಡಪಾನದ ತಳದಲ್ಲಿ ಕಾಣುವ ಬಿಳಿ ಪದರವೇ ಎಂಜಿನ್ ಒಳಗೂ ಕೂರುತ್ತದೆ. ಡಿಸ್ಟಿಲ್ಡ್ ವಾಟರಿಗೆ ಕೂಲೆಂಟ್ ಬೆರೆಸಿ ಹಾಕಿ. ಬಿಸಿಗೆ ತಕ್ಕಂತೆ ರೇಡಿಯೇಟರಿನ ನೀರು ಬಿಡುವ ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಅಭ್ಯಾಸ ನಮ್ಮ ಮೇಸ್ತ್ರಿಗಳಿಗಿದೆ. ಅದು ರೋಗ ಬಿಟ್ಟು ಥರ್ಮಾಮೀಟರ್ ಒಡೆಯುವ ವೈದ್ಯ.

ಈಗಿನ ಪೆಟ್ರೋಲ್ ಹಳೆಯ ಕಾರಿಗೆ ಆಗುತ್ತದೆಯೇ?

ಎರಡು ಸಂಗತಿ ಬೇರೆ ಬೇರೆ ನೋಡಬೇಕು. ಒಂದು ಸೀಸ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲ್ ಮಾತ್ರ. ಹಳೆಯ ಎಂಜಿನ್‌ಗಳಲ್ಲಿ ಆ ಸೀಸವೇ ಎಗ್ಸಾಸ್ಟ್ ವಾಲ್ವ್‌ನ ಸೀಟನ್ನು ಸವೆಯದಂತೆ ಕಾಯುತ್ತಿತ್ತು. ಮೆಲ್ಲಗೆ ಓಡಿಸುವವರಿಗೆ ದೊಡ್ಡ ತೊಂದರೆಯಿಲ್ಲ. ವಾಲ್ವ್ ಮೇಲಿನ ಸಂದು, ಅಂದರೆ ಟ್ಯಾಪೆಟ್ ಗ್ಯಾಪ್, ಪದೇ ಪದೇ ಕಡಿಮೆಯಾಗುತ್ತಿದ್ದರೆ ಮಾತ್ರ ಸೀಟು ಸವೆಯುತ್ತಿದೆ ಎಂದರ್ಥ. ಹೆಡ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಸೀಟು ಕೂರಿಸಿಕೊಳ್ಳಿ.

ಇನ್ನೊಂದು ಎಥನಾಲ್. 2023ರ ಫೆಬ್ರವರಿಯಲ್ಲಿ ಶೇ 20ರ ಮಿಶ್ರಣ ಶುರುವಾಯಿತು, ಈಗ ಬಂಕುಗಳಲ್ಲಿ ಅದೇ ಸಾಮಾನ್ಯ. ಎಥನಾಲ್ ನೀರು ಎಳೆಯುತ್ತದೆ, ಹಳೆಯ ರಬ್ಬರ್ ಪೈಪು ಮತ್ತು ಡಯಾಫ್ರಮ್ ಮೆತ್ತಗಾಗಿಸುತ್ತದೆ, ಟ್ಯಾಂಕಿನ ಹಳೆಯ ಕೊಳೆ ಕೀಳುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಇರುವ ಕಾರುಗಳಲ್ಲಿ ಆ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯಾಗುತ್ತದೆ. ಮಾಡಬೇಕಾದ್ದು ಇಷ್ಟು: ಎಥನಾಲ್ ತಡೆಯುವ ಹೊಸ ಪೈಪು ಹಾಕಿಸಿ, ಪಂಪು ಮತ್ತು ಕಾರ್ಬೊರೇಟರ್ ಕಿಟ್ ಬದಲಾಯಿಸಿ, ಟ್ಯಾಂಕ್ ನಂತರ ಒಂದು ಫಿಲ್ಟರ್ ಇಡಿ, ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಬಿಡುವ ತೂತು, ಅಂದರೆ ಮೇನ್ ಜೆಟ್, ಒಂದು ಹೆಜ್ಜೆ ದೊಡ್ಡದು ಮಾಡಿಸಿ. ತಿಂಗಳಾನುಗಟ್ಟಲೆ ನಿಲ್ಲಿಸುವುದಿದ್ದರೆ ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲ್ ಖಾಲಿ ಮಾಡಿ. ಎಂಜಿನ್ ಆಯಿಲ್ ಸಾಮಾನ್ಯ 20ಡಬ್ಲ್ಯೂ-50 ಮಿನರಲ್ ಇರಲಿ. ದುಬಾರಿ ಸಿಂಥೆಟಿಕ್ ತೆಳು ಎಣ್ಣೆ ಈ ಎಂಜಿನ್‌ಗಳಿಗೆ ಬೇಕಿಲ್ಲ.

ಪೂರ್ತಿ ಬಿಚ್ಚಿ, ಟಿಂಕರಿಂಗ್ ಮಾಡಿಸಿ, ಹೊಸ ಬಣ್ಣ ಹೊಡೆಸೋಣವೇ?

ಈ ಪ್ರಶ್ನೆಗೆ ನನ್ನ ಉತ್ತರ ಹೆಚ್ಚಿನವರಿಗೆ ಹಿಡಿಸುವುದಿಲ್ಲ. ಕಾರಿಗೆ ಅದರ ಕಾರ್ಖಾನೆಯ ಬಣ್ಣ ಮುಕ್ಕಾಲು ಭಾಗ ಉಳಿದಿದ್ದರೆ ಮುಟ್ಟಬೇಡಿ. ಮಸುಕಾದ ಬಣ್ಣವನ್ನು ಪಾಲಿಶ್ ಮಾಡಿದರೆ ಸಾಕು. ಅಂಬಾಸಡರ್‌ಗೆ ಉತ್ತರಪಾರಾ ಕಾರ್ಖಾನೆಯಲ್ಲಿ ಹೊಡೆದ ಬಣ್ಣ, ಪದ್ಮಿನಿಗೆ ಕುರ್ಲಾ ಕಾರ್ಖಾನೆಯಲ್ಲಿ ಹೊಲಿದ ಸೀಟು ಮತ್ತೆ ಯಾವ ದುಡ್ಡಿಗೂ ಬರುವುದಿಲ್ಲ. ಮಳಿಗೆಯ ಹೊಸ ಬಣ್ಣ ನಾಳೆಯೂ ಸಿಗುತ್ತದೆ. ಫೀವಾ ಕೂಡ ತನ್ನ ಟ್ಯೂರಿನ್ ಸನ್ನದಿನಲ್ಲಿ ಕಾಪಿಡುವುದಕ್ಕೇ ಮೊದಲ ಸ್ಥಾನ ಕೊಡುತ್ತದೆ.

ತುಕ್ಕು ತೂತು ಬಿದ್ದಲ್ಲಿ ಮಾತ್ರ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಿ. ಸಾಮಾನ್ಯವಾಗಿ ಬ್ಯಾಟರಿ ತಟ್ಟೆಯ ಕೆಳಗೆ, ಕಾರ್ಪೆಟ್ ಅಡಿಯ ನೆಲ, ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯ ಸ್ಟೆಪ್ನಿ ಗುಂಡಿ. ತೂತಿಗೆ ಪುಟ್ಟಿ ತುಂಬಿ ಬಣ್ಣ ಬಳಿದ ಕಾರು ಎರಡು ಮಳೆಗಾಲ ಚೆನ್ನಾಗಿ ಕಾಣುತ್ತದೆ. ಕೊಳ್ಳುವ ಮುನ್ನ ಕರವಸ್ತ್ರ ಸುತ್ತಿದ ಅಯಸ್ಕಾಂತ ಹಿಡಿದು ನೋಡಿ. ಪುಟ್ಟಿ ದಪ್ಪ ಇರುವಲ್ಲಿ ಅದು ಅಂಟುವುದಿಲ್ಲ. ಬಿಚ್ಚುವುದಾದರೆ ಪ್ರತಿ ಭಾಗದ ಫೋಟೊ ತೆಗೆದು, ನಟ್ಟು ಬೋಲ್ಟುಗಳನ್ನು ಚೀಟಿ ಬರೆದು ಡಬ್ಬಿಯಲ್ಲಿಡಿ, ಹಳೆಯ ಭಾಗ ಎಸೆಯಬೇಡಿ. ಪೂರ್ತಿ ಬಿಚ್ಚಿದ ಎಷ್ಟೋ ಕಾರುಗಳು ಮತ್ತೆ ಜೋಡಿಯಾಗುವುದೇ ಇಲ್ಲ. ದುಡ್ಡು ಮುಗಿಯುತ್ತದೆ, ಮೇಸ್ತ್ರಿ ಬದಲಾಗುತ್ತಾನೆ.

ಮೇಸ್ತ್ರಿ ಎಲ್ಲಿ, ಸಾಮಾನು ಎಲ್ಲಿ?

ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ರಾಯಚೂರಿನವರಿಗೆ ಹತ್ತಿರವಾದ ಸಿಕಂದರಾಬಾದಿನ ರಾಣಿಗಂಜ್. ಹಳೆಯ ಒರಿಜಿನಲ್ ಭಾಗ ಬೇಕೆಂದರೆ ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್. ಅಂಬಾಸಡರ್ 2014ರ ಮೇ ತನಕ ತಯಾರಾಗಿದ್ದರಿಂದ ಅದರ ಸಾಮಾನು ಇನ್ನೂ ಸಿಗುತ್ತದೆ. ಪದ್ಮಿನಿಗೆ ಹುಡುಕಾಟ ಹೆಚ್ಚು. ಹೆರಾಲ್ಡ್ ಇದ್ದವರು ಇನ್ನೊಂದು ಕೆಟ್ಟ ಹೆರಾಲ್ಡ್ ಕೊಂಡಿಟ್ಟುಕೊಳ್ಳುವುದೇ ಸುಲಭ.

ನಮ್ಮ ಕಡೆಯ ಅನುಕೂಲ ಬೇರೆ ಇದೆ. ಅದಿರು ಲಾರಿಗಳಿಂದಾಗಿ ಹೊಸಪೇಟೆ, ಬಳ್ಳಾರಿಯಲ್ಲಿ ಕಮಾನ್ ಪಟ್ಟಿ ಕೆಲಸದವರಿಗೆ ಕೊರತೆಯಿಲ್ಲ. ರೈಸ್ ಮಿಲ್, ಜಿನ್ನಿಂಗ್ ಮಿಲ್‌ಗಳಿಗೆ ಕೆಲಸ ಮಾಡುವ ಲೇತಿನವರು ಹಳೆಯ ಬುಷ್ ತೋರಿಸಿದರೆ ಹೊಸದನ್ನು ಕಡೆದು ಕೊಡುತ್ತಾರೆ. ರೇಡಿಯೇಟರಿಗೆ ಬೆಸುಗೆ ಹಾಕುವವರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಪ್ಲಗ್ಗಿನ ಕಿಡಿಗೆ ಕರೆಂಟು ಕಡಿದು ಕೊಡುವ ಸಿಬಿ ಪಾಯಿಂಟ್‌ನ ಗ್ಯಾಪ್ ಇಡುವ, ಕಿವಿಯಿಂದಲೇ ಟೈಮಿಂಗ್ ಕೂರಿಸುವ ಅರವತ್ತು ದಾಟಿದ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಅಂಥವರು ಸಿಕ್ಕರೆ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು, ಕೇಳಿ ವಿಡಿಯೊ ಮಾಡಿಟ್ಟುಕೊಳ್ಳಿ. ಬ್ರಿಟಿಷ್ ಕಾಲದ ಕೆಲವು ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಗಾಡಿಯ ಲೋಹದ ಮೈಗೆ ಕೂಡಿರುತ್ತದೆ, ಇದು ಗೊತ್ತಿಲ್ಲದ ಹೊಸ ಹುಡುಗರ ಕೈಗೆ ವೈರಿಂಗ್ ಕೊಡಬೇಡಿ.

ಡೀಸೆಲ್ ಎಂಜಿನ್, ಎಸಿ, ಎಲೆಕ್ಟ್ರಿಕ್ ಮಾಡಿಸಬಹುದೇ?

ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ಬರಬೇಕು, ಮತ್ತು ವಿಂಟೇಜ್ ಅರ್ಹತೆ ಹೋಯಿತು. ಎಲೆಕ್ಟ್ರಿಕ್‌ಗೂ ಅದೇ ಮಾತು, ಅದಕ್ಕೆ ಅನುಮೋದನೆ ಪಡೆದ ಕಿಟ್ ಬೇರೆ ಬೇಕು. ಎಸಿ ಹಾಕಿದರೆ ಮೊದಲೇ ಬಿಸಿಲಲ್ಲಿ ಒದ್ದಾಡುವ ರೇಡಿಯೇಟರಿಗೆ ಇನ್ನೊಂದು ಹೊರೆ. ಕಿಟಕಿಯ ಮುಂದಿನ ತ್ರಿಕೋನ ಗಾಜನ್ನು ಒಳಮುಖ ತಿರುಗಿಸಿಕೊಳ್ಳಿ, ಆ ಕಾಲದ ಎಸಿ ಅದೇ.

ಜೀಪನ್ನು ಎತ್ತರಿಸಿ, ದೊಡ್ಡ ಟಯರ್ ಹಾಕಿಸಿದ್ದೇನೆ.

2019ರಲ್ಲಿ ಸುಪ್ರೀಂ ಕೋರ್ಟ್ ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಬದಲಾವಣೆ ಮಾಡಿದ ವಾಹನ ನೋಂದಣಿಗೆ ಅರ್ಹವಲ್ಲ ಎಂದಿದೆ. ಕತ್ತರಿಸದ ಹಳೆಯ ಜೀಪು ಈಗ ಅಪರೂಪ. ಇನ್ನೂ ಕತ್ತರಿಸದವರು ತಡೆಯಿರಿ.

ಮದುವೆಗೆ ಬಾಡಿಗೆಗೆ ಕೇಳುತ್ತಾರೆ.

ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ. ನೆಂಟರ ಮದುವೆಗೆ ಪ್ರೀತಿಯಿಂದ ಕೊಡಬಹುದು, ಆದರೆ ಸ್ಟೇರಿಂಗ್ ಪಕ್ಕದಲ್ಲೇ ಇರುವ ಗೇರ್ ಹಾಕಲು ಗೊತ್ತಿಲ್ಲದ ವರನ ಗೆಳೆಯರ ಕೈಗೆ ಕೀಲಿ ಕೊಡಬೇಡಿ. ಬಾನೆಟ್ ಮೇಲೆ ಹೂವನ್ನು ಸೆಲ್ಲೋಟೇಪಿನಿಂದ ಅಂಟಿಸಲೂ ಬಿಡಬೇಡಿ, ಹಳೆಯ ಬಣ್ಣ ಅದರ ಜೊತೆಗೇ ಏಳುತ್ತದೆ.

ಇನ್ಶೂರೆನ್ಸ್?

ರಸ್ತೆಗೆ ತರುವ ಗಾಡಿಗೆ ಥರ್ಡ್ ಪಾರ್ಟಿ ಕಡ್ಡಾಯ. ಐದು ವರ್ಷ ದಾಟಿದ ಗಾಡಿಯ ಬೆಲೆ ನೀವು ಮತ್ತು ಕಂಪನಿ ಒಪ್ಪಿಕೊಂಡಷ್ಟು. ಹಾಗಾಗಿ ಫೋಟೊ, ಬಿಲ್ಲು, ಬಾಡಿಯ ಸ್ಥಿತಿಯ ವಿವರ ಇಟ್ಟುಕೊಂಡು ಮಾತಾಡಿ. ಬೆಂಕಿ ಮತ್ತು ಕಳವಿಗೆ ರಕ್ಷಣೆ ಇರುವಂತೆ ನೋಡಿ.

ಇಟ್ಟುಕೊಳ್ಳಲು ಆಗುತ್ತಿಲ್ಲ. ಗುಜರಿಗೆ ಹಾಕಲೇ?

ಮೊದಲು ಓಡಿಸುವವರನ್ನು ಹುಡುಕಿ. ಬೆಲೆ ಕಡಿಮೆ ಬಂದರೂ ಪರವಾಗಿಲ್ಲ ಅಂತ ನನಗನಿಸುತ್ತದೆ, ದುಡ್ಡು ನಿಮ್ಮದು, ತೀರ್ಮಾನವೂ ನಿಮ್ಮದೇ. ತೀರಾ ಅಪರೂಪದ್ದಾದರೆ ವಸ್ತುಸಂಗ್ರಹಾಲಯಗಳನ್ನು ಕೇಳಬಹುದು. ಧರ್ಮಸ್ಥಳದಲ್ಲೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತುಸಂಗ್ರಹಾಲಯದಲ್ಲೂ ಹಳೆಯ ಕಾರುಗಳ ಸಂಗ್ರಹ ಇದೆ. ಮಾರಿದರೆ ಫಾರಂ 29, 30 ಅಂದೇ ಸಹಿ ಮಾಡಿಸಿ, ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡಿ. ಗುಜರಿಯೇ ಗತಿಯಾದರೆ ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಟ್ಟು, ಗಾಡಿ ಒಪ್ಪಿಸಿದ್ದಕ್ಕೆ ಕೊಡುವ ಠೇವಣಿ ಪ್ರಮಾಣಪತ್ರ ಪಡೆದು ಆರ್‌ಸಿ ರದ್ದು ಮಾಡಿಸಿ. ಬೀದಿಯ ಗುಜರಿಯವರಿಗೆ ತೂಕದ ಮೇಲೆ ಕೊಟ್ಟರೆ ಚಾಸಿ ನಂಬರ್ ಇನ್ನೊಂದು ಗಾಡಿಯ ಮೇಲೆ ಕೂರಬಹುದು, ನೋಟಿಸ್ ನಿಮ್ಮ ಮನೆಗೆ ಬರುತ್ತದೆ. ಕೊಡುವ ಮುನ್ನ ಕಾರ್ಬೊರೇಟರ್, ಡಿಸ್ಟ್ರಿಬ್ಯೂಟರ್, ಮೀಟರ್, ಲೈಟಿನ ರಿಂಗು, ಬಾಗಿಲ ಹಿಡಿಕೆ ಬಿಚ್ಚಿಕೊಳ್ಳಿ. ಅವನ್ನು ಹುಡುಕುತ್ತಿರುವ ಇನ್ನೊಬ್ಬ ಮಾಲೀಕ ಸಿರಗುಪ್ಪದಲ್ಲೋ ಮಾನ್ವಿಯಲ್ಲೋ ಇದ್ದೇ ಇರುತ್ತಾನೆ.